ಶನಿವಾರದ ಒಪ್ಪೊತ್ತು

ಮಹಾಶ್ವೇತಾಗೆ ನಮ್ಮ ಜನರ ಮೇಲೆ ಹೇಸಿಗೆ ಹುಟ್ಟಿದ್ದು ಒಂದೇ ದಿನಕ್ಕಲ್ಲ. ಸಿಡ್ನಿಯಲ್ಲಿ ಹುಟ್ಟಿತು, ಮೆಲ್ಬರ್ನಿನಲ್ಲಿ ಉಂಡು ತಿಂದು ದಪ್ಪಗಾಯಿತು. ಹಾಗಂತ ಅವಳೇನು ಹುಟ್ಟಾ ಸಿಡುಕಿಯಲ್ಲ. ಅರಸೀಕೆರೆಯ ಅನುದಾನಿತ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಡಂ ಆಗಿದ್ದಾಗ ಮಕ್ಕಳನ್ನೆಲ್ಲ ಕಟ್ಟಿಕೊಂಡು ಸಂತೆಗೆ, ಪೋಸ್ಟ್ ಆಫೀಸಿಗೆ, ನಗರಸಭೆಗೆ ನಡೆದುಬಿಡುತ್ತಿದ್ದಳು. "ಇದೇ ಕಣ್ರೋ ನಿಮ್ ಪುಸ್ತಕ, ಕಣ್ಬಿಟ್ಟು ನೋಡ್ಕೊಳ್ಳಿ" ಎನ್ನುತ್ತಿದ್ದಳು. ಗಂಡ ಯೋಗೀಶನಿಗೆ ಸಿಡ್ನಿಯಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದಾಗ ಅವನ ಜೊತೆ ವಿಮಾನ ಹತ್ತಿದಳು.

ಬಂದು ಇಳಿದದ್ದು ಸಿಡ್ನಿಯ ಟೂಂಗಾಬಿ ಬಡಾವಣೆಯಲ್ಲಿ. ಅಲ್ಲಿ ಸುಬ್ಬಣ್ಣ, ಇಂದಿರಮ್ಮ ಎಂಬ ವಯಸ್ಸಾದ ದಂಪತಿ ತಮ್ಮ ಮನೆಯ ಎರಡು ರೂಮುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ರೂಮ್ ನೋಡಲು ಹೋದ ದಿನ ಇಂದಿರಮ್ಮ ಬಾಗಿಲಲ್ಲೇ ನಿಲ್ಲಿಸಿ ಮುಖ ತುಂಬ ನಗುತ್ತಾ ಕೇಳಿದರು, "ಮನೆದೇವರು ಯಾವ್ದಮ್ಮ ನಿಮ್ದು?"

ಈ ಪ್ರಶ್ನೆ ಎಂಥದ್ದೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕೇ? ಜಾತಿ ಯಾವುದು ಎಂದು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಮರ್ಯಾದಸ್ಥರು ದೇವರನ್ನು ಮುಂದೆ ಮಾಡಿಕೊಂಡು ಕೇಳುತ್ತಾರೆ. ಆಗ ಮಹಾಶ್ವೇತಾಗೆ ಅದೆಲ್ಲ ಹೊಳೆಯಲಿಲ್ಲ. ಕೇಳಿದ್ದಕ್ಕೆ ಹೇಳಿದಳು. ಹೇಳಿದ್ದೇ ತಡ, "ಅಯ್ಯೋ, ನಮ್ಮೋರೇ! ಬನ್ನಿ ಬನ್ನಿ, ಹೊರಗ್ಯಾಕೆ ನಿಂತಿದೀರಾ" ಎಂದು ಒಳಗೆ ಕರೆದು ಕಾಫಿ ಕೊಟ್ಟರು. ರೆಂಟ್ ಮಾತು ಆಮೇಲೆ ಬಂತು. ಪರದೇಶದಲ್ಲಿ ಎಂಥಾ ಒಳ್ಳೇ ಜನ ಸಿಕ್ಕಿದರು ಎಂದು ಅವಳು ಊರಿಗೆ ಫೋನ್ ಮಾಡಿ ಹೊಗಳಿದ್ದೂ ಹೊಗಳಿದ್ದೇ.

ಇಲ್ಲಿನ ಪರೀಕ್ಷೆ, ಪರವಾನಗಿ ಎಲ್ಲ ಮುಗಿಸಿ ಅವಳು ಕ್ಯಾಶುಯಲ್ ಟೀಚರ್ ಆದಳು. ಯಾವುದೋ ಶಾಲೆಯಲ್ಲಿ ಯಾರೋ ಟೀಚರ್ ರಜೆ ಹಾಕಿದರೆ ಬೆಳಿಗ್ಗೆ ಫೋನ್ ಬರುತ್ತದೆ, ಓಡಬೇಕು. ಅಂಥದೇ ಒಂದು ಶಾಲೆಯಲ್ಲಿ ಸಂಯುಕ್ತಾ ಪರಿಚಯವಾದಳು. ಕೋಲಾರದ ಕಡೆಯವಳು, ಇವಳ ಹಾಗೇ ಓಡಾಡುವ ಟೀಚರ್. ಮನೆ ಹುಡುಕುತ್ತಿದ್ದಳು. ತಮ್ಮ ಪಕ್ಕದ ರೂಮ್ ಖಾಲಿ ಇದೆಯಲ್ಲ ಎಂದು ಮಹಾಶ್ವೇತಾ ತಾನೇ ಮುಂದೆ ಬಿದ್ದು ಕರೆದುಕೊಂಡು ಬಂದಳು. ಇಂದಿರಮ್ಮ ಅದೇ ಬಾಗಿಲಲ್ಲಿ ಅದೇ ಪ್ರಶ್ನೆ ಕೇಳಿದರು. ಸಂಯುಕ್ತಾ ಉತ್ತರ ಹೇಳಿದಳು. ಇಂದಿರಮ್ಮನ ನಗು ಹಾಗೇ ಇತ್ತು, ಕಾಫಿ ಮಾತ್ರ ಬರಲಿಲ್ಲ. "ಅಯ್ಯೋ, ಆ ರೂಮ್ ನಿನ್ನೇನೇ ಕೊಟ್ಟುಬಿಟ್ವಲ್ಲಮ್ಮ" ಎಂದರು.

ಯಾರಿಗೂ ಕೊಟ್ಟಿರಲಿಲ್ಲ. ರೂಮು ಖಾಲಿಯೇ ಇತ್ತು. ಒಂದು ದಿನ ಮಹಾಶ್ವೇತಾ ತಡೆಯಲಾರದೆ ಕೇಳಿದ್ದಕ್ಕೆ ಇಂದಿರಮ್ಮ ದನಿ ತಗ್ಗಿಸಿ, "ಕಿಚನ್ ಒಂದೇ ಅಲ್ವೇನೇ? ನಿನಗೆ ಗೊತ್ತಾಗಲ್ವಾ?" ಎಂದರು. ಆ 'ನಿನಗೆ ಗೊತ್ತಾಗಲ್ವಾ' ಎಂಬ ಮಾತೇ ಅವಳಿಗೆ ಹೇಸಿಗೆ ಹುಟ್ಟಿಸಿತು. ತನ್ನನ್ನೂ ಆ ಕಳ್ಳತನದಲ್ಲಿ ಪಾಲುದಾರಳನ್ನಾಗಿ ಮಾಡಿಕೊಂಡ ಸಲಿಗೆ ಅದು. ಸಂಯುಕ್ತಾ ಮಾತ್ರ ಇಂಡಿಯನ್ ಅಂಗಡಿಗಳೇ ತುಂಬಿದ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ಜಾಮೂನು ತಿನ್ನುತ್ತಾ, "ಬಿಡೇ, ನನಗೆ ಅಭ್ಯಾಸ ಆಗೋಗಿದೆ" ಎಂದು ನಕ್ಕಳು. ಯೋಗೀಶ ಬೇಡ ಬೇಡವೆಂದರೂ ಕೇಳದೆ ಮಹಾಶ್ವೇತಾ ಆ ಮನೆ ಬಿಡಿಸಿದಳು.

ಕೆಲವು ವರ್ಷದ ಮೇಲೆ ಯೋಗೀಶನ ಕಂಪನಿ ಬದಲಾಗಿ ಮೆಲ್ಬರ್ನಿಗೆ ಬಂದರು. ಕ್ರಾನ್‌ಬರ್ನ್‌ನಲ್ಲಿ ಮನೆ, ಮಾರ್ಟ್‌ಗೇಜ್, ಎಲ್ಲರಿಗೂ ಆಗುವ ಹಾಗೆ ಇವರಿಗೂ ಆಯಿತು. ಹತ್ತಿರದ ಶಾಲೆಯೊಂದರಲ್ಲಿ ಮಹಾಶ್ವೇತಾಗೆ ಕೆಲಸ ಸಿಕ್ಕಿತು. ಮೂರನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗೆ ಸಮಾಜ ಪಾಠವೆಲ್ಲ ಇವಳದೇ. ಇಲ್ಲಿ ಎಳೆಯ ವಯಸ್ಸಿನ ಸಂಸಾರಗಳು, ಇವರಾದರೂ ಬೇರೆ ಥರ ಇದ್ದಾರು ಅಂದುಕೊಂಡಳು. ಅಂದುಕೊಳ್ಳುವುದಕ್ಕೇನು, ದುಡ್ಡು ಕೊಡಬೇಕೇ?

ಅವಳ ಪಾಠದ ರೀತಿಯೇ ಬೇರೆ. ಮೂರನೆಯವರು ತಮ್ಮ ಬೀದಿಯ ನಕ್ಷೆ ಬರೆಯಬೇಕು. ಐದನೆಯವರು ಆ ಬೀದಿಗೆ ಯಾರು ಯಾರು ಎಲ್ಲೆಲ್ಲಿಂದ ಬಂದರು, ಅವರಿಗಿಂತ ಮೊದಲು ಆ ನೆಲ ಯಾರದಾಗಿತ್ತು ಎಂದು ಹುಡುಕಬೇಕು. ಆರನೆಯವರು ಕೌನ್ಸಿಲಿನವರಿಗೆ ಕಾಗದ ಬರೆಯಬೇಕು. ಎಲ್ಲ ಕ್ಲಾಸಿಗೂ ಒಂದೇ ನಿಯಮ: ವಾರಕ್ಕೊಂದು ಪ್ರಶ್ನೆಯನ್ನು ಮನೆಯಿಂದ ತರಬೇಕು. ಪುಸ್ತಕದ್ದಲ್ಲ, ಮನೆಯಲ್ಲಿ ಕಂಡದ್ದು, ಕೇಳಿದ್ದು. ನಮ್ಮ ಬೀದಿಗೆ ಈ ಹೆಸರು ಇಟ್ಟವರಾರು, ಅಪ್ಪ ಯಾಕೆ ಓಟು ಹಾಕುವ ಹಾಗಿಲ್ಲ, ಅಜ್ಜಿಗೆ ಯಾಕೆ ಸರ್ಕಾರದ ಪುಕ್ಕಟೆ ಡಾಕ್ಟರ ಕಾರ್ಡು ಮೆಡಿಕೇರ್ ಇಲ್ಲ. ಮಕ್ಕಳು ಮುಗಿಬಿದ್ದು ಪ್ರಶ್ನೆ ತರುತ್ತಿದ್ದವು.

ಅಪ್ಪ ಅಮ್ಮಂದಿರಿಗೆ ಇದು ಯಾವ ಲೆಕ್ಕಕ್ಕೂ ಇಲ್ಲ. ಪೇರೆಂಟ್ ಮೀಟಿಂಗಿನಲ್ಲಿ ನಮ್ಮವರು ಇವಳ ಟೇಬಲ್ಲಿನ ಮುಂದೆ ಬಂದು, "ಓ, ಸೋಶಿಯಲ್ಲಾ? ಮ್ಯಾಥ್ಸ್ ಮಿಸ್ ಎಲ್ಲಿ ಕೂತಿದಾರೆ?" ಎಂದು ಕೇಳಿಕೊಂಡು ಹಾಗೇ ಮುಂದಕ್ಕೆ ಹೋಗುತ್ತಿದ್ದರು. ಕೋಚಿಂಗೇ ಇಲ್ಲದ ಸಬ್ಜೆಕ್ಟ್ ಯಾರಿಗೆ ಬೇಕು? ಹಾಳಾಗಿಹೋಗಲಿ, ಮಕ್ಕಳಿದ್ದಾರಲ್ಲ ಎಂದು ಅವಳೂ ಸುಮ್ಮನಿದ್ದಳು.

ಏಳನೇ ಕ್ಲಾಸಿಗೆ ಪ್ರಾಚೀನ ಭಾರತದ ಪಾಠ ಶುರುವಾದಾಗ ಮಾತ್ರ ಎಲ್ಲರಿಗೂ ಸೋಶಿಯಲ್ ನೆನಪಾಯಿತು. ಪಾಠದಲ್ಲಿ ಜಾತಿಯ ಮಾತು ಬರುತ್ತದೆಂದು ಯಾರೋ ವಾಟ್ಸಾಪಿನಲ್ಲಿ ಹಾಕಿದರಂತೆ. ಮಾರನೆಯ ದಿನವೇ ಪ್ರತಾಪ್ ಬಂದ. ಅಲ್ಲಿನ ಕನ್ನಡ ಸಂಘದ ಕಲ್ಚರಲ್ ಸೆಕ್ರೆಟರಿ, ಮಗಳು ಅನನ್ಯಾ ಅದೇ ಕ್ಲಾಸು.

"ಮೇಡಂ, ನೀವು ನಮ್ಮೋರೇ ಆಗಿ ಹೀಗ್ ಮಾಡಬಹುದಾ? ಆ ಕ್ಯಾಸ್ಟ್ ಪೋರ್ಷನ್ ಸ್ಕಿಪ್ ಮಾಡಿಬಿಡಿ. ನಮ್ ಮಕ್ಳನ್ನ ಬೇರೆ ಮಕ್ಳು ಆಡ್ಕೊಳ್ತಾರೆ. ಈಗ ಎಲ್ಲಿದೆ ಹೇಳಿ ಅದೆಲ್ಲ?"

ಮಕ್ಕಳನ್ನು ಆಡಿಕೊಳ್ಳುತ್ತಾರೆಂಬ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅದಕ್ಕೇ ಮಹಾಶ್ವೇತಾ ಸಮಾಧಾನವಾಗಿ, "ಹಾಗಾದ್ರೆ ಕ್ಲಾಸಿಗೆ ನೀವೇ ಬಂದು ಮಾತಾಡಿ, ಈಗ ಎಲ್ಲೂ ಇಲ್ಲ ಅಂತ ನೀವೇ ಹೇಳಿ" ಎಂದಳು. ಪ್ರತಾಪನಿಗೆ ಖುಷಿಯೋ ಖುಷಿ. ಮೈಕು, ಸ್ಲೈಡು, ಎದುರಿಗೆ ಕೂತ ಜನ, ಇಷ್ಟು ಸಿಕ್ಕರೆ ಊಟ ಬಿಟ್ಟು ಬರುವ ಆಸಾಮಿ.

ರೇಷ್ಮೆ ಜುಬ್ಬ ಹಾಕಿಕೊಂಡು ಬಂದ. ಸೊನ್ನೆ ಕಂಡುಹಿಡಿದದ್ದು ನಾವು, ಯೋಗ ಕೊಟ್ಟದ್ದು ನಾವು, ಆಯುರ್ವೇದ ನಮ್ಮದು ಎಂದು ಸ್ಲೈಡಿನ ಮೇಲೆ ಸ್ಲೈಡು ಓಡಿಸಿದ. ಕೊನೆಗೆ, ಜಾತಿ ಎಂದರೆ ಹಿಂದಿನ ಕಾಲದಲ್ಲಿ ಯಾರು ಯಾವ ಕೆಲಸ ಮಾಡಬೇಕೆಂದು ಮಾಡಿಕೊಂಡ ಏರ್ಪಾಡು, ಈಗ ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಸೊಗಸಾಗಿ ಮುಗಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು.

ಆಗ ಗಗನಾ ಕೈ ಎತ್ತಿದಳು. ಗದಗಿನ ಕಡೆಯ ವಿರುಪಾಕ್ಷ, ಉಷಾ ಎಂಬುವರ ಮಗಳು, ಅನನ್ಯಾಳ ಪ್ರಾಣಸ್ನೇಹಿತೆ. ವಿರುಪಾಕ್ಷ ಸ್ಟೂಡೆಂಟಾಗಿ ಬಂದು, ರಾತ್ರಿ ಪಾಳಿ ದುಡಿದು, ಇಲ್ಲೇ ಕಾಯಮ್ಮಾಗಿ ಉಳಿಯಲು ಪಿಆರ್ ಮಾಡಿಕೊಂಡು ಈಚೆಗಷ್ಟೇ ಒಂದು ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಸಬರ್ಬಿನ ಕನ್ನಡದವರನ್ನೆಲ್ಲ ಕರೆದಿದ್ದ. ಊರಿಗೆ ಹೋಗಿದ್ದ ಮಹಾಶ್ವೇತಾ ಒಬ್ಬಳು ಬಂದಿರಲಿಲ್ಲ.

"ಇದು ನನ್ನ ಮನೆಯಿಂದ ತಂದ ಪ್ರಶ್ನೆ" ಎಂದಳು ಗಗನಾ, ಇಂಗ್ಲಿಷಿನಲ್ಲಿ. "ಅಂಕಲ್, ನಮ್ಮ ಗೃಹಪ್ರವೇಶದ ದಿನ ನೀವು ನಮ್ಮ ಅಪ್ಪನಿಗೆ ಮನೆದೇವರು ಯಾವುದು ಅಂತ ಕೇಳಿದಿರಿ. ಅಪ್ಪ ಹೇಳಿದ್ರು. ಆಮೇಲೆ ನೀವೂ ಆಂಟಿಯೂ ಊಟ ಮಾಡದೆ ಬಾಳೆಹಣ್ಣು ಮಾತ್ರ ತಗೊಂಡು ಹೋದಿರಿ. ಯಾಕೆ?"

ಪ್ರತಾಪ ಗಲಿಬಿಲಿಗೊಂಡರೂ ಆಟ ಬಲ್ಲವನು. "ಅಯ್ಯೋ ಪುಟ್ಟಾ! ಅವತ್ತು ಶನಿವಾರ ಅಲ್ವಾ? ನಮ್ದು ಒಪ್ಪೊತ್ತು" ಎಂದು ನಕ್ಕು, ಒಪ್ಪೊತ್ತು ಎಂದರೆ ದಿನಕ್ಕೆ ಒಂದೇ ಊಟ ಮಾಡುವ ವ್ರತ, ದೇಹಕ್ಕೆ ಎಷ್ಟು ಒಳ್ಳೆಯದು ಗೊತ್ತಾ ಎಂದು ಮಕ್ಕಳಿಗೆ ವಿವರಿಸಲು ಹೊರಟ.

"ನೋ ಡ್ಯಾಡ್" ಎಂದಳು ಅನನ್ಯಾ. ಅದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಅಪ್ಪನಿಗೆ ಮರೆತುಹೋಗಿದೆ, ನೆನಪಿಸೋಣ ಎನ್ನುವ ಮುಖ. ಅಪ್ಪ ಕಾರಿನಲ್ಲಿ ಅಮ್ಮನಿಗೆ ಆಡಿದ ಮಾತನ್ನು ಅಪ್ಪನ ದನಿಯಲ್ಲೇ ಕನ್ನಡದಲ್ಲಿ ಒಪ್ಪಿಸಿದಳು: "'ಆ ದೇವರ ಹೆಸರು ಕೇಳಿದ್ಮೇಲೆ ಅವರ ಮನೇಲಿ ಎಲೆ ಮುಂದೆ ಹೇಗೆ ಕೂರೋದೇ ಊರ್ಮಿಳಾ, ಥೂ' ಅಂದ್ರಿ. ಆಮೇಲೆ ಪಿಜ್ಜಾ ತಗೊಂಡ್ವಿ." ಕನ್ನಡ ಬಾರದ ಮಕ್ಕಳು ಏನು ಏನು ಎಂದದ್ದಕ್ಕೆ ಇಂಗ್ಲಿಷಿಗೂ ತರ್ಜುಮೆ ಮಾಡಿದಳು.

ನಮ್ಮ ಅಪ್ಪ ಅಮ್ಮಂದಿರ ಮೂರ್ಖತನ ನೋಡಿ. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ, ಆದ್ದರಿಂದ ಕನ್ನಡ ತಿಳಿಯುವುದಿಲ್ಲ ಎಂದುಕೊಂಡು ಆಡಬಾರದ ಮಾತನ್ನೆಲ್ಲ ಕಾರಿನಲ್ಲಿ ಕನ್ನಡದಲ್ಲಿ ಆಡುತ್ತಾರೆ. ಹಿಂದಿನ ಸೀಟಿನಲ್ಲಿ ಮಕ್ಕಳು ಫೋನು ಹಿಡಿದು ಕೂತು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿರುತ್ತವೆ.

ಪ್ರತಾಪ ಲ್ಯಾಪ್‌ಟಾಪ್ ಮಡಚಿಕೊಂಡು ಹೊರಟ. ಸಂಜೆಯೊಳಗೆ ಪ್ರಿನ್ಸಿಪಾಲರಿಗೆ ದೂರು ಹೋಯಿತು. ಟೀಚರಮ್ಮ ಮಕ್ಕಳಿಗೆ ಹೇಳಿಕೊಟ್ಟು ಅತಿಥಿಗೆ ಅವಮಾನ ಮಾಡಿಸಿದ್ದಾರೆ, ಆ ಹುಡುಗಿ ಗಗನಾ ಹೇಳಿದ್ದು ಶುದ್ಧ ಸುಳ್ಳು, ಇನ್ನು ನನ್ನ ಮಗಳು ಏನೇನೋ ತಪ್ಪು ತಿಳಿದುಕೊಂಡಿದ್ದಾಳೆ, ಏಕೆಂದರೆ ಅವಳಿಗೆ ಕನ್ನಡವೇ ಬರುವುದಿಲ್ಲ ಎಂದು ಬರೆದಿದ್ದ.

ಕನ್ನಡವೇ ಬರುವುದಿಲ್ಲವಂತೆ! ರಾಜ್ಯೋತ್ಸವದ ದಿನ ಅದೇ ಮಗಳನ್ನು ಸ್ಟೇಜಿಗೆ ಹತ್ತಿಸಿ, ಕನ್ನಡದಲ್ಲಿ ಭಾಷಣ ಮಾಡಿಸಿ, ಎಲ್ಲ ಗ್ರೂಪಿಗೂ ವಿಡಿಯೋ ಕಳಿಸಿದ ಮನುಷ್ಯ. ಆ ದೂರನ್ನು ಪ್ರಿನ್ಸಿಪಾಲರ ಕೋಣೆಯಲ್ಲಿ ಓದುತ್ತಾ ಮಹಾಶ್ವೇತಾಗೆ ನಗು ಬಂತು. ಊಟ ತಪ್ಪಿಸಿಕೊಳ್ಳಲು ದೇವರನ್ನು ಅಡ್ಡ ಇಟ್ಟ, ಮಾನ ಉಳಿಸಿಕೊಳ್ಳಲು ಭಾಷೆಯನ್ನೇ ಮಾರಿದ. ಥೂ, ಸಂಘದ ಹಬ್ಬದೂಟಗಳಲ್ಲಿ ಇಂಥವರ ಜೊತೆ ಕೂತು ಒಬ್ಬಟ್ಟು ತಿಂದೆನಲ್ಲ ಎಂದು ಅವಳಿಗೆ ತನ್ನ ಬಾಯಿಯೇ ಅಸಹ್ಯವೆನಿಸಿತು.

ಪ್ರಿನ್ಸಿಪಾಲರು ಒಳ್ಳೆಯ ಹೆಂಗಸೇ, ಆದರೆ ಕೈಗೆ ಕೊಳೆಯಾಗದ ಹಾಗೆ ಬದುಕುವವರು. "ಇದು ನಿಮ್ಮ ಸಮುದಾಯದ ಒಳಗಿನ ಸೂಕ್ಷ್ಮ, ನನಗೆ ಅರ್ಥವಾಗುವುದಿಲ್ಲ" ಎಂದರು. ಗಗನಾಳ ತಂದೆ ತಾಯಿ ಬಂದು ಹೀಗೆ ನಡೆದದ್ದು ಹೌದು ಎಂದು ಒಂದು ಮಾತು ಹೇಳಿದರೆ ಪಾಠವೂ ಇರುತ್ತದೆ, ಪ್ರಶ್ನೆಯೂ ಇರುತ್ತದೆ. ಇಲ್ಲವಾದರೆ ಸೋಮವಾರದಿಂದ ಪ್ರಾಚೀನ ಚೀನಾ ತೆಗೆದುಕೊಳ್ಳಿ, ಗಗನಾ ಆ ಅತಿಥಿಯ ಕ್ಷಮೆ ಕೇಳಲಿ ಎಂದರು.

ಚೀನಾ ಬಂದರೆ ಬರಲಿ, ಅದೂ ಒಂದು ದೇಶವೇ. ಆದರೆ ಕ್ಷಮೆ? ಊಟ ಬಿಟ್ಟು ಎದ್ದು ಹೋದವನ ಮುಂದೆ ಬಡಿಸಿದವರ ಮನೆಯ ಮಗು ತಲೆ ತಗ್ಗಿಸಿ ನಿಂತು ಸಾರಿ ಅನ್ನಬೇಕು. ಇದೊಂದು ಆಗಗೊಡಬಾರದೆಂದು ಮಹಾಶ್ವೇತಾ ಹಟ ತೊಟ್ಟಳು. ಯೋಗೀಶ, "ಸುಮ್ನಿರೇ ಮಾರಾಯ್ತಿ, ಈ ವರ್ಷ ನಿನ್ನ ಪರ್ಮನೆಂಟ್ ಮಾಡ್ತೀವಿ ಅಂದಿದಾರೆ" ಎಂದ. "ನಿನ್ ಪರ್ಮನೆಂಟಿಗೆ ಬೆಂಕಿ ಹಾಕ" ಎಂದು ಅವಳು ಭಾನುವಾರ ವಿರುಪಾಕ್ಷನ ಮನೆಗೆ ಹೊರಟಳು.

ಹೊಸ ಮನೆಯ ಬಾಗಿಲಿಗೆ ಕಟ್ಟಿದ ಮಾವಿನೆಲೆ ಇನ್ನೂ ಹಾಗೇ ಒಣಗಿಕೊಂಡಿತ್ತು. ಉಷಾ ಬಾಗಿಲು ತೆಗೆದು, "ಬರ್ರಿ ಮೇಡಂ, ಒಳಗ ಬರ್ರಿ" ಎಂದಳು. ಗಗನಾ ಅಡುಗೆಮನೆಯ ಕಟ್ಟೆಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದಳು. ಇವಳನ್ನು ನೋಡಿ ನಗಲಿಲ್ಲ.

ಮಹಾಶ್ವೇತಾ ಕೂರುವ ಮೊದಲೇ ಶುರು ಮಾಡಿದಳು. "ಜಾಸ್ತಿ ಏನೂ ಬೇಡ. ಅವರು ಬಂದಿದ್ದು, ದೇವರ ಹೆಸರು ಕೇಳಿದ್ದು, ಊಟ ಮಾಡದೆ ಹೋಗಿದ್ದು. ಇಷ್ಟು ಪ್ರಿನ್ಸಿಪಾಲ್ ಹತ್ರ ಹೇಳಿಬಿಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ವಿರುಪಾಕ್ಷ ನೆಲ ನೋಡುತ್ತಾ, "ನಡದದ್ದು ಖರೇನ ಐತ್ರಿ. ಆದ್ರ ನಾವು ಹೇಳಂಗಿಲ್ಲ" ಎಂದ.

"ಯಾಕೆ? ಹೆದರಿಕೇನಾ? ಅವನೇನು ಮಾಡ್ತಾನೆ ನಿಮಗೆ?"

ಉತ್ತರ ಕೊಟ್ಟವಳು ಉಷಾ. "ಅವ್ರು ಏನೂ ಮಾಡಂಗಿಲ್ರಿ. ಆ ದಿನ ಅವರಿಬ್ಬರು ಉಣಲಿಲ್ಲ, ಅಷ್ಟ. ಉಳಿದವರೆಲ್ಲಾ ಉಂಡು, ಹೋಳಿಗಿ ಕಟಿಗೊಂಡು ಹೋದ್ರು. ಈಗ ನಮ್ಮ ಮನಿದೇವರು, ನಮ್ಮವ್ವನ ಹೆಸರು ವಾಟ್ಸಾಪಿನ್ಯಾಗ ಓಡ್ಯಾಡಾಕ್ಹತ್ತೈತಿ. ಆ ಅವ್ವ ಅಂದ್ರ ಯಾರ ಪೈಕಿ ಅಂತ ಎಲ್ಲಾರೂ ಕೇಳಾಕ್ಹತ್ಯಾರ. ನಿನ್ನೆ ಗಗನಾನ್ನ ಬರ್ತ್‌ಡೇಕ್ಕ ಕರದವರು, ಬ್ಯಾಡ ಅಂತ ಫೋನ್ ಮಾಡಿದ್ರು. ನೀವು ನಮ್ಮ ಸಲುವಾಗಿ ಸಿಟ್ಟಾಗೀರಿ, ದೊಡ್ಡ ಮಾತು. ಆದ್ರ ನಿಮ್ಮ ಕ್ಲಾಸಿನ್ಯಾಗ ಆದಮ್ಯಾಲನ ಇದು ಊರಿಗೆಲ್ಲಾ ಗೊತ್ತಾಗಿದ್ದು."

ಮಹಾಶ್ವೇತಾಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಪ್ರತಾಪನನ್ನು ಕ್ಲಾಸಿಗೆ ಕರೆದವಳು ತಾನೇ. ಆದರೂ ಬಿಡಲಿಲ್ಲ. "ಗಗನಾ ನಿಜ ಹೇಳಿದಾಳೆ ಉಷಾ! ನಿಜ ಹೇಳಿದ್ದಕ್ಕೆ ಸಾರಿ ಕೇಳಬೇಕಾ?"

"ಕೇಳ್ತಾಳ್ರಿ. ನಾ ಹೇಳೀನಿ ಆಕಿಗೆ." ಉಷಾಳ ದನಿ ಏರಲಿಲ್ಲ. "ಈಗ ನೀವ ಹೇಳ್ರಿ, ಸೋಶಿಯಲ್ ಟೀಚರ್ ಅದೀರಿ. ಯಾವ ದೇವರ ಹೆಸರು ಹೇಳಿದ್ರ ಇವ್ರೆಲ್ಲಾ ನಮ್ಮನ್ಯಾಗ ಉಣ್ತಾರ? ಮುಂದ ಯಾರರ ಕೇಳಿದ್ರ ಅದನ್ನ ಹೇಳು ಅಂತ ಹುಡುಗಿಗೆ ಕಲಸ್ತೀನಿ."

ಉತ್ತರ ಮಹಾಶ್ವೇತಾಗೆ ಗೊತ್ತಿತ್ತು. ಯೋಚಿಸಬೇಕಾಗಿಯೂ ಇರಲಿಲ್ಲ, ನಾಲಿಗೆಯ ತುದಿಗೇ ಬಂತು. ಟೂಂಗಾಬಿಯ ಬಾಗಿಲು ತೆರೆಸಿದ ಹೆಸರು ಅದೇ. ಪ್ರತಾಪ 'ನಮ್ಮೋರೇ' ಎಂದದ್ದೂ ಆ ಹೆಸರಿನ ದೆಸೆಯಿಂದಲೇ. ಅದು ತನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಕೂತಿದೆಯಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಈ ಸಲದ ಹೇಸಿಗೆಗೆ ಪ್ರತಾಪ ಬೇಕಾಗಿರಲಿಲ್ಲ.

"ಗೊತ್ತು. ಆದ್ರೆ ನಾನು ಹೇಳಲ್ಲ" ಎಂದಳು.

"ಹೇಳದಿದ್ರ ನಿಮಗೇನೂ ಆಗಂಗಿಲ್ರಿ ಮೇಡಂ" ಎಂದಳು ಉಷಾ. "ನಮಗ ಆಗ್ತೈತಿ."

ಉಷಾ ಎದ್ದು ಒಳಗೆ ಹೋಗಿ ತಟ್ಟೆ ತಂದಳು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. "ಊಟದ ಹೊತ್ತಿಗೆ ಬಂದೀರಿ, ಹಂಗ ಕಳಸಾಕ ಬರಂಗಿಲ್ಲ" ಎಂದು ಮುಂದಿಟ್ಟಳು.

ಬೆಳಗಿನಿಂದ ಕುದಿದ ಸಿಟ್ಟು, ಈಗ ತಾನೇ ಕೇಳಿದ ಮಾತು, ಎಲ್ಲ ಸೇರಿ ಮಹಾಶ್ವೇತಾಗೆ ಊಟವೇ ಬೇಡವಾಗಿತ್ತು. ಆದರೆ ಈ ಮನೆಯಲ್ಲಿ ಬೇಡ ಎನ್ನುವ ಬಾಯಿ ಎಲ್ಲಿಂದ ತರುವುದು? ರೊಟ್ಟಿ ಮುರಿದಳು. ಪಲ್ಯ ಅದ್ದಿ ಬಾಯಿಗಿಟ್ಟು ನುಂಗಿದಳು. "ತುಂಬಾ ಚೆನ್ನಾಗಿದೆ" ಎಂದಳು, ದನಿ ಒಂದಿಷ್ಟು ಜೋರಾಗಿಯೇ ಬಂತು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು.

ತಲೆ ಎತ್ತಿದರೆ ಗಗನಾ ನೋಡುತ್ತಿದ್ದಳು. ಇವಳ ಮುಖವನ್ನಲ್ಲ, ಕೈಯನ್ನು. ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ಹೋಗಿ ಬರುವ ಕೈಯ ಮೇಲೇ ಕಣ್ಣಿಟ್ಟು ಕೂತಿದ್ದಳು. ಹನ್ನೆರಡು ವರ್ಷದ ಹುಡುಗಿ. ಇನ್ನು ಮೇಲೆ ತನ್ನ ಮನೆಗೆ ಬಂದವರೆಲ್ಲರ ಕೈಯನ್ನು ಅವಳು ಹೀಗೇ ನೋಡುತ್ತಾಳೆ.

"ಮಿಸ್" ಎಂದಳು. ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ ಈ ಸಲ ಅವರವ್ವನ ಕನ್ನಡದಲ್ಲಿ, ತಡವರಿಸುತ್ತಾ ಕೇಳಿದಳು. "ನಿಮಗ ಹಸಿವಿ ಆಗೇತಿ ಅಂತ ತಿನ್ನಾಕ್ಹತ್ತೀರೋ, ನಾ ನೋಡಾಕ್ಹತ್ತೀನಿ ಅಂತ ತಿನ್ನಾಕ್ಹತ್ತೀರೋ?"

ಮಹಾಶ್ವೇತಾಗೆ ಹಸಿವಿರಲಿಲ್ಲ.